ಸಿದ್ದಾಚಾರಿ ಮಗಳಿಗೆ ಮೇಣ ಬಳಿದದ್ದು

ಹೊತ್ತು, ದೀಪ ಹಚ್ಚಿ ಎರಡು ಗಳಿಗೆ. ಹವೆ, ಚೈತ್ರದ ಸೆಕೆ, ಒಂದೆಲೆಯೂ ಅಲ್ಲಾಡದು. ಇರುವವರು ನಾನು, ನೀನು, ಹೊಸ್ತಿಲ ಮೇಲಿನ ಬೆಕ್ಕು. ಪದ್ಮಿನಿ, ಕಾಲು ನೀಡಿ ನೆಟ್ಟಗೆ ಮಲಗು. ನಡುವೆ ಬಾಯಿ ಹಾಕಿದರೆ ಕತೆ ಅಲ್ಲಿಗೇ ನಿಲ್ಲುತ್ತದೆ.

ನಮ್ಮಜ್ಜಿಯ ಅಜ್ಜಿಯೂ ಹುಟ್ಟದಿದ್ದ ಕಾಲದಲ್ಲಿ ಸಿದ್ದಾಚಾರಿ ಅಂತ ಒಬ್ಬ ಗೊಂಬೆ ಮಾಡುವವನಿದ್ದನಂತೆ. ಮರ ಕಡೆಯುವುದು, ಅರಗಿನ ಬಣ್ಣ ಹಾಕುವುದು, ಕೇದಗೆ ಗರಿಯಿಂದ ಉಜ್ಜಿ ಹೊಳಪು ಬರಿಸುವುದು, ಇಷ್ಟೇ ಅವನಿಗೆ ಗೊತ್ತು. ಹೆಂಡತಿ ತೀರಿಹೋಗಿದ್ದಳು. ಐದು ವರ್ಷದ ಮಗಳು ಮಾಯಕ್ಕನೇ ಅವನ ಜೀವವಂತೆ.

ಆ ಮಗು ಬಿಸಿಲಲ್ಲಿ ಆಡಿ ಬಂದರೆ ಹಣೆ, ಕತ್ತು, ಬೆನ್ನು ಎಲ್ಲ ಬೆವರು ತೊಟ್ಟಿಕ್ಕುತ್ತಿತ್ತಂತೆ. ಸಿದ್ದಾಚಾರಿ ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡ. ಅಯ್ಯೋ, ನಾನು ಮಾಡಿದ ಗೊಂಬೆ ಒಂದೂ ಸೋರದು, ನನ್ನ ಮಗಳು ಸೋರುತ್ತಾಳಲ್ಲ, ಹೀಗೇ ಸೋರಿ ಸೋರಿ ಇವಳೂ ಬರಿದಾಗಿ ಹೋದರೆ ಏನು ಮಾಡಲಿ ಅಂತ ಅತ್ತನಂತೆ.

ಬೆವರಿದರೆ ಸಾಯುತ್ತಾರಾ ಅಜ್ಜಿ ಎನ್ನುತ್ತೀಯಾ? ಬಾಯಿ ಮುಚ್ಚು. ಕೇಳು.

ಮೊದಲನೇ ದಿನ ಗಂಧ ತೇಯ್ದು ಮೈಗೆಲ್ಲ ದಪ್ಪಗೆ ಮೆತ್ತಿದನಂತೆ. ಅದು ಒಣಗಿ, ಬಿರಿದು, ಉದುರಿತು. ಆಮೇಲೆ ಎರಡನೇ ದಿನ ಗಂಜಿ ಬಳಿದನಂತೆ. ನೊಣ ಮುತ್ತಿತು, ಮಗು ಬಚ್ಚಲಿಗೆ ಓಡಿ ತೊಳೆದುಕೊಂಡಿತು. ಆಮೇಲೆ ಮೂರನೇ ದಿನ ಜೇನುಮೇಣ ಕರಗಿಸಿ, ಬಿಸಿ ಆರಿಸಿ, ಕತ್ತಿನಿಂದ ಅಂಗಾಲಿನವರೆಗೆ ಎಳೆಯಷ್ಟೂ ಸಂದು ಬಿಡದೆ ಬಳಿದು, ಗರಿಯಿಂದ ಉಜ್ಜಿದನಂತೆ. ಅಪ್ಪಾ, ನಾನೂ ಗೊಂಬೆಯಾದೆ ಅಂತ ಮಗು ನಕ್ಕಿತಂತೆ.

ಮಧ್ಯಾಹ್ನಕ್ಕೆ ನಗು ನಿಂತಿತು. ಮೈ ಕಾದ ಹೆಂಚಾಯಿತು. ಮಗು ಕಣ್ಣು ತೇಲಿಸಿತು.

ಅವನ ಕೂಗು ಕೇಳಿ ಪಕ್ಕದ ಮನೆಯಿಂದ ಅಕ್ಕ ನಂಜಮ್ಮ ಓಡಿ ಬಂದಳಂತೆ. ಲೋ ಸಿದ್ದ, ಕೂಸಿಗೆ ಏನು ಮಾಡಿದೆಯೋ ಅಂದಳು. ಸೋರಬಾರದು ಅಂತ ಮುಚ್ಚಿದೆ ಅಕ್ಕಯ್ಯ ಅಂದ. ಹಸಿ ಮರಕ್ಕೆ ಅರಗು ಹಾಕುತ್ತೀಯೇನೋ ಅಂತ ಕೇಳಿದಳು. ಇಲ್ಲ ಅಕ್ಕಯ್ಯ, ಒಳಗಿನ ನೀರಿಗೆ ದಾರಿಯಿಲ್ಲದೆ ಮರ ಸೀಳಿಬಿಡುತ್ತೆ ಅಂದ. ಮತ್ತೆ ಇದೇನು ಒಣ ಮರವೇನೋ, ಮಂಕೇ? ಇದು ಹಸಿ ಜೀವ!

ಆಮೇಲೆ ಎಣ್ಣೆ ಬೆಚ್ಚಗೆ ಮಾಡಿ, ಮೇಣ ಸಡಿಲಿಸಿ, ಕಡಲೆಹಿಟ್ಟು ಹಾಕಿ ತಿಕ್ಕಿದಳಂತೆ. ತಿಕ್ಕುತ್ತಲೇ ಬೈದಳಂತೆ. ಮೈಗೆ ಬೇಡದ್ದು ಹೊರಗೆ ಹೋಗಲು ದೇವರು ಮೂರು ದಾರಿ ಇಟ್ಟಿದ್ದಾನೆ ಕಣೋ. ಉಸಿರಿನದೊಂದು, ಹಿತ್ತಿಲಿಗೆ ಹೋಗಿ ಕೂರುವುದೊಂದು, ಚರ್ಮದ್ದೊಂದು. ಚರ್ಮದ ಬಾಗಿಲುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಮೈಯ ಕಾವು, ಹೆಚ್ಚಾದ ಉಪ್ಪು, ಚೂರುಪಾರು ಕೊಳೆ, ಎಲ್ಲ ಅಲ್ಲಿಂದ ಹೊರಗೆ. ನೀನು ಅಷ್ಟಕ್ಕೂ ಅಗುಳಿ ಹಾಕಿದೆ.

ಉಗುರು ಬೆಚ್ಚಗಿನ ನೀರು ಹಾಕಿದರಂತೆ. ಗುಟುಕು ಗುಟುಕಾಗಿ ಮಜ್ಜಿಗೆ ಕುಡಿಸಿದರಂತೆ. ಸಿದ್ದಾಚಾರಿ ಮಂಡಿಯೂರಿ ಗಾಳಿ ಬೀಸಿದ, ಬೀಸಿದ, ತೋಳು ಸೋತರೂ ಬೀಸಿದ. ಬಿಸಿಲು ಇಳಿಯುವ ಹೊತ್ತಿಗೆ ಮಗುವಿನ ಮೇಲ್ದುಟಿಯಲ್ಲಿ ಒಂದು ಹನಿ ಮೂಡಿತಂತೆ. ಅವನು ಒರೆಸಲು ಕೈ ಚಾಚಿದ. ಅಕ್ಕ ಅವನ ಕೈ ಹಿಡಿದಳು. ಇರಲಿ ಬಿಡೋ, ಇನ್ನೂ ಬರಲಿ.

ಮಾಯಕ್ಕ ಬೆಳೆದಳು, ಅಪ್ಪನ ಪಕ್ಕ ಕೂತು ತಾನೂ ಮರ ಕಡೆದಳು, ಸುಖವಾಗಿದ್ದಳು. ನನ್ನ ಕತೆ ಅಷ್ಟಕ್ಕೆ ಸರಿಯಾಯಿತು. ನಂಜಮ್ಮ ಅಂದು ಎದ್ದು ನಿಂತು, ಸಿದ್ದನ ಕೂಗಿಗೆ ಬಂದು ಅಂಗಳದಲ್ಲಿ ನೆರೆದಿದ್ದ ಊರವರಿಗೆಲ್ಲ ಕೇಳುವಂತೆ ಹೇಳಿದ ಮಾತೊಂದೇ ಬಾಕಿ. ಕಣ್ಣು ಮುಚ್ಚಿ ಕೇಳು.

ಮಗು ಬೆವರಿತು. ಮಗು ಉಳಿಯಿತು.