ಹೊಸಮನಿಯವರ ಮೂಲಮನೆ

ನಮ್ಮ ಕಡೆ ಯಾವ ಊರಿಗೆ ಹೋದರೂ ಬಸ್ಸಿಳಿಯುವಷ್ಟರಲ್ಲಿ ಒಬ್ಬ ಹೊಸಮನಿ ಸಿಕ್ಕೇ ಸಿಗುತ್ತಾನೆ. ಚಹಾದಂಗಡಿಯವನು ಹೊಸಮನಿ, ಸಾಲಿ ಮಾಸ್ತರ ಹೊಸಮನಿ, ಬಸ್ಸಿನ ಕಂಡಕ್ಟರನೂ ಹೊಸಮನಿ. ಜಾತಿ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಅಡ್ಡಹೆಸರು ಮಾತ್ರ ಒಂದೇ.

ಗದಿಗೆಪ್ಪ ಹೊಸಮನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ.

"ಹೊಸಮನಿ ಅಂದ್ರ ನಾವು. ನಮ್ಮದು ಮೂಲಮನಿ. ಉಳಿದವರೆಲ್ಲ ನಮ್ಮ ಹೆಸರು ಇಟ್ಕೊಂಡು ಮೆರಿಯೋ ಮಂದಿ," ಎನ್ನುತ್ತಿದ್ದ.

ಆ ಮೂಲಮನೆ ಇದ್ದದ್ದು ಹೊಳೆಯ ದಂಡೆಯ ಮೇಲೆ. ಗೋಡೆ ಮಣ್ಣಿನದು, ಕಂಬ ಸಾಗವಾನಿಯವು. ಮಳೆಗಾಲದಲ್ಲಿ ಹೊಳೆ ಬಂದರೆ ನೀರು ಹಿತ್ತಲಿಗೆ ಬರುತ್ತಿತ್ತು. ಹೋದ ವರ್ಷ ಪಡಸಾಲೆಗೇ ಬಂತು. ಮಲಗಿದ್ದ ಮಗಳನ್ನು ಹೆಂಡತಿ ಕಾಶವ್ವ ಎತ್ತಿಕೊಂಡು ಸೊಂಟಮಟ ನೀರಿನಲ್ಲಿ ಹೊರಗೆ ಬಂದಳು.

ಈ ವರ್ಷ ಮೋಡ ಕಟ್ಟುವ ಮೊದಲೇ ಅವಳು ಹೇಳಿಬಿಟ್ಟಳು.

"ಮ್ಯಾಲಿನ ದಿಬ್ಬದಾಗ ನಮ್ಮದ ಹೊಲ ಐತಿ. ಅಲ್ಲಿ ಮನಿ ಕಟ್ರಿ. ಈ ಮಳಿಗಾಲಕ್ಕ ನನ್ನ ಮಗಳು ಇಲ್ಲಿ ಮಲಗೂದಿಲ್ಲ. ನೀವು ಬಂದ್ರ ಮೂವರು. ಬರಲಿಲ್ಲಾಂದ್ರ ಇಬ್ಬರು."

ಗದಿಗೆಪ್ಪ ಚಪ್ಪಲಿ ಮೆಟ್ಟಿಕೊಂಡ. ನೆಟ್ಟಗೆ ಮಠಕ್ಕೆ ನಡೆದ.

ಮಠದ ಹಾಲಯ್ಯಜ್ಜಾರು ಅವನ ಗುರುಗಳು. ದಿನಾ ಸಂಜೆ ಅವರ ಮುಂದೆ ಕೂತು ಅನುಭಾವದ ಮಾತು ಕೇಳುತ್ತಿದ್ದ. ಕೇಳುತ್ತಿದ್ದನೇ ಹೊರತು ಒಂದನ್ನೂ ತಲೆಗೆ ಹಾಕಿಕೊಂಡವನಲ್ಲ, ಅದು ಬೇರೆ ಮಾತು.

"ಅಜ್ಜಾರ, ಕಾಶವ್ವಗ ನೀವs ಒಂದು ಮಾತು ಹೇಳ್ರಿ. ನನ್ನ ಮಾತು ಕೇಳವಲ್ಲಳು."

"ಏನಂತ ಹೇಳಲೋ ತಮ್ಮಾ?"

"ಮೂಲಮನಿ ಬಿಡಬಾರದು ಅಂತ."

"ಯಾಕ ಬಿಡಬಾರದು?"

"ಹೊಸಮನಿ ಅನ್ನೋ ಹೆಸರು ಹುಟ್ಟಿದ್ದs ಅಲ್ಲಿ. ಅದನ್ನ ಬಿಟ್ರ ನಾನು ಯಾರ್ರಿ?"

ಈ ಮಾತು ಹೇಳುವಾಗ ಗದಿಗೆಪ್ಪನಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಅಜ್ಜಾರು ಅದನ್ನು ಗಮನಿಸಿದರು. ನಗಲಿಲ್ಲ.

"ಆತು. ಸುತ್ತಮುತ್ತಲಿನ ಊರಾಗ ಹೊಸಮನಿಯವರು ಅದಾರಲ್ಲ, ಅವರ ಮನಿಗೆ ಹೋಗು. ನಿಮ್ಮ ಹಿರ್ಯಾರು ಹೊಸಾ ಮನಿ ಯಾಕ ಕಟ್ಟಿದ್ರು ಅಂತ ಕೇಳು. ಅದನ್ನಷ್ಟs ಕೇಳು, ಜಗಳಾ ತಗೀಬ್ಯಾಡ. ಅವರೊಳಗ ಒಬ್ಬರಾದ್ರೂ ನಿಮ್ಮ ಮನಿಯಿಂದ ಹೋದವರಿದ್ರ ನಾನs ಬಂದು ಕಾಶವ್ವಗ ಹೇಳ್ತೀನಿ."

"ಖರೇನ?"

"ಖರೇನ."

ಗದಿಗೆಪ್ಪ ಮರುದಿನವೇ ಬುತ್ತಿ ಕಟ್ಟಿಕೊಂಡು ಹೊರಟ. ಹಠ ಹಿಡಿದರೆ ಅವನಿಗೆ ಬಿಸಿಲೂ ಇಲ್ಲ, ಹಸಿವೂ ಇಲ್ಲ. ಊರೂರು ತಿರುಗಿದ. ಚಪ್ಪಲಿಯ ಉಂಗುಟ ಹರಿದರೂ ಬಿಡಲಿಲ್ಲ, ಕೈಯಲ್ಲಿ ಹಿಡಿದುಕೊಂಡು ನಡೆದ.

ಮಠಕ್ಕೆ ಮರಳಿದಾಗ ಮುಖ ಸೊಟ್ಟಗಾಗಿತ್ತು.

"ಏನಂದ್ರು?" ಎಂದರು ಅಜ್ಜಾರು.

"ಏನೇನೋ ಅಂತಾರ ಬಿಡ್ರಿ. ಒಂದೂರಾಗ ಅಣ್ಣತಮ್ಮರು ಕಚ್ಚಾಡಿದ್ರಂತ. ತಮ್ಮ ಸಿಟ್ಟಿಗೆದ್ದು ಕಣದ ಬಾಜೂಕ ಮನಿ ಕಟ್ಟಿದ್ನಂತ. ಊರ ಮಂದಿ ಅವನಿಗೆ ಹೊಸಮನಿ ಮಲ್ಲಪ್ಪ ಅಂದ್ರಂತ."

"ಮತ್ತ?"

"ಇನ್ನೊಂದೂರಾಗ ಪ್ಲೇಗ ಬಂದಿತ್ತಂತ. ಮಂದಿ ಎಲ್ಲಾ ಊರು ಬಿಟ್ಟು ಹೊಲದಾಗ ಗುಡಿಸಲಾ ಹಾಕ್ಕೊಂಡಿದ್ರಂತ. ಪ್ಲೇಗ ಹೋತು, ಉಳಿದವರು ತಿರುಗಿ ಊರಾಗ ಬಂದ್ರು. ಇವರೊಬ್ಬರು ಅಲ್ಲೇ ಮನಿ ಕಟ್ಟಿ ಕುಂತ್ರಂತ."

"ಮತ್ತ?"

"ಮತ್ತೊಂದು ಮನಿಯವರದು ಬೆಂಕಿಗೆ ಸುಟ್ಟಿತ್ತಂತ."

"ಈ ಹೆಸರು ಇಟ್ಟವರು ಯಾರಂತ?"

"ಅದs ನೋಡ್ರಿ! ಯಾರೂ ತಾವಾಗಿ ಇಟ್ಕೊಂಡಿಲ್ಲಂತ. ಮಗ್ಗಲ ಮನಿಯವರು ಗುರ್ತಿಗೆ ಅಂತ ಕರದದ್ದು. ಊರಿಗೊಂದು ಹೊಸಾ ಮನಿ ಆಗೇ ಆಗ್ತೈತಿ, ಊರಿಗೊಬ್ಬ ಹೊಸಮನಿ ಆದ, ಅಂತ ಒಬ್ಬ ಮುದುಕಿ ನನ್ನ ಮಾರಿ ಮ್ಯಾಲೆ ಹೇಳಿದಳು. ನಮ್ಮ ಮನಿ ಹೆಸರು ಹೇಳಿದ್ರ ಯಾರಿಗೂ ಗೊತ್ತಿಲ್ಲ. ಎಲ್ಲಾ ಸುಳ್ಳ ಮಂದಿ!"

ಅಜ್ಜಾರು ಅವನಿಗೆ ಕುಡಿಯಲು ನೀರು ಕೊಟ್ಟರು. ಅವನು ಗಟಗಟ ಕುಡಿದ.

"ಎಲ್ಲಾರೂ ಏನಾದರೊಂದು ಬಿಟ್ಟು ಬಂದವರs. ನಿಮ್ಮ ಹಿರಿಯಾ ಏನು ಬಿಟ್ಟು ಬಂದಿದ್ದ?"

"ನಾವೇನೂ ಬಿಟ್ಟಿಲ್ರಿ. ನಮ್ಮದು ಮೂಲ."

"ಹಂಗಾದ್ರ ನಡಿ. ಮೂಲಮನಿ ನೋಡೂಣು."

ಅಜ್ಜಾರು ಬಂದಾಗ ಕಾಶವ್ವ ಪಡಸಾಲೆಯಲ್ಲಿ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದಳು. ಎದ್ದು ಶರಣು ಮಾಡಿದಳು. ಕಂಬಳಿ ಹಾಸಲು ಹೋದರೆ ಅಜ್ಜಾರು ಬೇಡವೆಂದರು. ನಡುವಿನ ಕಂಬದ ಮುಂದೆ ಹೋಗಿ ನಿಂತರು.

ಕಂಬಕ್ಕೆ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅಜ್ಜಾರು ಅದನ್ನು ಸರಿಸಿದರು. ಹಿಂದೆ ಒಂದು ಚೌಕ ತೂತು. ಅಂಗೈ ಹಿಡಿಸುವಷ್ಟು.

"ಇದೇನೋ?"

"ಏನೋ ಯಾರಿಗೆ ಗೊತ್ರಿ. ನಾ ಹುಟ್ಟಿದಾಗಿಂದ ಐತಿ. ನಮ್ಮಪ್ಪ ಇದರಾಗ ಎಲಿಯಡಕಿ ಚೀಲಾ ಇಡತಿದ್ದ."

"ಎಲಿಯಡಕಿ ಇಡಾಕಂತ ಬಡಿಗ್ಯಾ ಸಾಗವಾನಿ ಕಂಬಾ ಕೊರಿತಾನೇನು?"

ಕಾಶವ್ವ ಸೆರಗು ಬಾಯಿಗಿಟ್ಟು ನಕ್ಕಳು.

ಗದಿಗೆಪ್ಪ ತೂತಿನಲ್ಲಿ ಕೈ ಹಾಕಿ ನೋಡಿದ. ಅಂಚು ಸಪಾಟಾಗಿತ್ತು, ಉಳಿಯ ಕೆಲಸ. "ಅಡ್ಡಪಟ್ಟಿ ಕೂಡಸಾಕ ಕೊರದದ್ದು ಇದು," ಎಂದ.

"ಅಡ್ಡಪಟ್ಟಿ ಎಲ್ಲೈತಿ?"

"ಇಲ್ಲ."

"ಅತ್ತಾಗಿನ ಕಂಬ?"

ಗದಿಗೆಪ್ಪ ಅತ್ತ ಹೋದ. ಅಲ್ಲೂ ಒಂದು ತೂತು, ಆದರೆ ಮೊಣಕಾಲ ಹತ್ತಿರ. ಅದಕ್ಕೆ ಮಣ್ಣು ಮೆತ್ತಿದ್ದರು. ಬೆರಳಿನಿಂದ ಕೆದರಿದ, ಮಣ್ಣು ಉದುರಿತು. ಏಣಿ ತಂದು ತೊಲೆಯ ಮೇಲೆ ಕೈಯಾಡಿಸಿದ. ಅಲ್ಲಿ ಸಾಲಾಗಿ ತೂತು, ಒಂದರಲ್ಲೂ ಏನೂ ಕೂತಿಲ್ಲ. ಬಾಗಿಲ ಚೌಕಟ್ಟಿಗೆ ಬಂದ. ಕದ ತಿರುಗುವ ಕುಳಿ ಎಡಕ್ಕೊಂದು ಇತ್ತು, ಬಲಕ್ಕೊಂದು ಇತ್ತು. ಅವರ ಮನೆಯ ಕದವೋ ಒಂದೇ, ತಿರುಗುವುದು ಬಲಕ್ಕೆ ಮಾತ್ರ.

ಎಷ್ಟೋ ಹೊತ್ತು ಅವನು ಒಂದೊಂದನ್ನೇ ಮುಟ್ಟುತ್ತ ತಿರುಗಿದ. ಚಿಕ್ಕಂದಿನಿಂದ ಒರಗಿ ಕೂತ ಕಂಬಗಳವು. ಒಮ್ಮೆಯೂ ಕೇಳಿರಲಿಲ್ಲ, ಒಮ್ಮೆಯೂ ನೋಡಿರಲಿಲ್ಲ. ಕಡೆಗೆ ಹೊಸ್ತಿಲ ಮೇಲೆ ಕುಸಿದು ಕೂತ.

"ಅಜ್ಜಾರ, ಈ ಕಟ್ಟಿಗಿ ಎಲ್ಲಾ ಇದಕ್ಕೂ ಮೊದಲ ಬ್ಯಾರೆ ಮನ್ಯಾಗಿತ್ತು."

"ಹೂಂ."

"ಆ ಮನಿ ಬಿಚ್ಚಿ ತಂದು ಇಲ್ಲಿ ಕಟ್ಯಾರ."

"ಹೂಂ."

"ಆ ಮನಿ ಎಲ್ಲಿತ್ರಿ?"

"ನನಗೇನು ಗೊತ್ತು? ನಿಮ್ಮ ಹಿರಿಯಾ ಅದನ್ನ ಬಿಟ್ಟು ಬರುವಾಗ ನನ್ನ ಕೇಳಿದ್ನೇನು?"

ಗದಿಗೆಪ್ಪನ ಕಣ್ಣಲ್ಲಿ ನೀರು ಬಂತು. ಮುಚ್ಚಿಡಲು ಹೋಗಲಿಲ್ಲ. ಊರೂರು ತಿರುಗಿ ಬಂದು ಎಲ್ಲರನ್ನೂ ಸುಳ್ಳರೆಂದು ಬೈದವನು. ಈಗ ಮನೆಯ ಕಂಬವೇ ಎದುರು ನಿಂತಿತ್ತು. ನಾಚಿಕೆಯೂ ಆಯಿತು, ದುಃಖವೂ ಆಯಿತು.

ಕಾಶವ್ವ ಕೆಲಸ ನಿಲ್ಲಿಸಿ ಅವನ ಮಗ್ಗುಲಲ್ಲಿ ಬಂದು ಕೂತಳು. "ಆ ಹಿರಿಯಾಗೂ ಒಬ್ಬಾಕಿ ಹೆಂಡತಿ ಇದ್ದಿರಬೇಕು. ಆಕೀನೂ ನನ್ನಂಗ ಹಠಮಾರಿ ಇದ್ದಿರಬೇಕು," ಎಂದಳು.

ಗದಿಗೆಪ್ಪನಿಗೆ ಅಳುವಿನ ನಡುವೆ ನಗು ಬಂತು. ಮೂಗು ಒರೆಸಿಕೊಂಡ. ಹೊರಗೆ ಮಗಳು ಅಂಗಳದಲ್ಲಿ ಕೂತು ಆಡುತ್ತಿದ್ದಳು. ಹೋದ ವರ್ಷದ ನೀರಿನ ಗುರುತು ಹೊರಗೋಡೆಯ ಮೇಲೆ ಇನ್ನೂ ಕಾಣುತ್ತಿತ್ತು, ಅವಳ ತಲೆಗಿಂತ ಮೇಲೆ. ಅವನು ಅದನ್ನು ನೋಡಿದ. ದಿನಾ ಅದರ ಮುಂದೆ ಓಡಾಡಿದ್ದ, ಇವತ್ತು ನೋಡಿದ.

ಎದ್ದು ನಿಂತ.

ಅಷ್ಟರಲ್ಲಿ ಅಜ್ಜಾರು ಹಿತ್ತಲಿಗೆ ಹೋಗಿ ಬಂದಿದ್ದರು. ಕೈಯಲ್ಲಿ ಕಬ್ಬಿಣದ ಹಾರೆ ಇತ್ತು.

"ಅಜ್ಜಾರ, ಒಂದು ಮಾತು ಹೇಳ್ರಿ," ಎಂದ ಗದಿಗೆಪ್ಪ. "ಈ ಮನಿ ನಮ್ಮಜ್ಜನೂ ಕಟ್ಟಲಿಲ್ಲ, ನಮ್ಮಪ್ಪನೂ ಕಟ್ಟಲಿಲ್ಲ, ನಾನೂ ಕಟ್ಟಲಿಲ್ಲ. ಸುಮ್ಮನ ಹೊಸಮನಿ, ಹೊಸಮನಿ ಅಂತ ಎದಿ ಬಡಕೊಂಡು ಹೇಳಿದೆ. ಅದೆಲ್ಲಾ ಸುಳ್ಳೇನ್ರಿ?"

ಅಜ್ಜಾರು ಹಾರೆಯನ್ನು ಅವನ ಕೈಗೆ ಕೊಟ್ಟರು.

"ಇವತ್ತಿನ ತನಕಾ ಸುಳ್ಳ ಇತ್ತು. ತಗೋ, ಬಾಗಿಲದಿಂದ ಬಿಚ್ಚಾಕ ಸುರು ಮಾಡು."