ಗಿಟಾರಿಗೆ ಬಿಟ್ಟ ಜಾಗ

ಮಲಪ್ರಭೆಯ ದಂಡೆಯ ಮೇಲೆ ಅಡವಯ್ಯ ಗವಾಯಿಗಳ ಸಂಗೀತಾಶ್ರಮವಿತ್ತು.

ಅವರ ಶಿಷ್ಯ ಫಕೀರೇಶ ಹಾರ್ಮೋನಿಯಂ ನುಡಿಸುತ್ತಿದ್ದ, ಪತ್ರಿಕೆಗೆ ಸಂಗೀತ ವಿಮರ್ಶೆಯನ್ನೂ ಬರೆಯುತ್ತಿದ್ದ. ಅವನು ಬೈದ ಹಾಡು ನೆಲ ಕಚ್ಚಿತೆಂದೇ ಲೆಕ್ಕ.

ಅಂದು ಅವನು ಬರೆದು ತಂದದ್ದು ಸುಗಂಧಾಳ ಹಾಡಿನ ಮೇಲೆ. ಅವಳೂ ಇದೇ ಆಶ್ರಮದಲ್ಲಿ ಕಲಿತವಳು. ಈಗ ರಾಕ್ ಬ್ಯಾಂಡಿನ ಹುಡುಗರ ಜೊತೆ ಸೇರಿ ಹಾಡಿದ್ದಳು. ಅದು ಅವಳ ಮೊದಲ ಹಾಡು. ಫಕೀರೇಶ ಜಾಡಿಸಿದರೆ ಅದೇ ಕೊನೆಯದೂ ಆದೀತು.

“ಓದು,” ಅಂದರು ಗುರುಗಳು.

ಫಕೀರೇಶ ಓದಿದ: “ಗಿಟಾರಿನ ಗದ್ದಲದಲ್ಲಿ ಗಾಯಕಿ ಕಳೆದುಹೋಗಿದ್ದಾಳೆ. ಹಾಡಿನ ನಡುವೆ ಅವಳ ದನಿಯೇ ಇಲ್ಲ. ಗುರು ಕಲಿಸಿದ್ದೆಲ್ಲ ನೀರಲ್ಲಿ ಹೋಮ ಮಾಡಿದಂತಾಯಿತು.”

“ಹಾಡು ಹಚ್ಚು.”

ಫಕೀರೇಶ ಮೊಬೈಲಿನಲ್ಲಿ ಹಾಡು ಹಚ್ಚಿದ. ಡ್ರಮ್ಮಿನ ಪೆಟ್ಟು ಕೇಳಿದ ಕೂಡಲೇ ಅವನ ಮೈಯೆಲ್ಲ ಉರಿಯಿತು. ಗುರುಗಳು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತ ಕೂತರು.

ನಡುವೆ ಸುಗಂಧಾ ಸುಮ್ಮನಾದಳು. ಗಿಟಾರೊಂದೇ ನುಡಿಯಿತು.

“ಇಲ್ಲೇ ನೋಡ್ರಿ ಗುರುಗಳ, ದನಿ ನಿಂತೇ ಹೋತು.”

“ನಿಂತಿಲ್ಲೋ. ಆ ಗಿಟಾರಿನ ಹುಡುಗಗ ಜಾಗ ಬಿಟ್ಟಾಳ. ಕೇಳು.”

ಗಿಟಾರು ಯಾವ ಸ್ವರದಲ್ಲಿ ನಿಂತಿತೋ ಅದೇ ಸ್ವರದಿಂದ ಸುಗಂಧಾ ಹಾಡನ್ನು ಮತ್ತೆ ಎತ್ತಿಕೊಂಡಳು.

ಗುರುಗಳು ಕಣ್ಣು ತೆರೆದರು. “ಕಛೇರಿಯೊಳಗ ಅಕಿ ಬಾಜೂಕ ಹಾರ್ಮೋನಿಯಂ ಹಿಡದು ಕೂಡತಿದ್ದವ ನೀನು. ನಿನಗ ಯಾವಾಗರ ಹಿಂಗ ಜಾಗ ಬಿಟ್ಟಿದ್ಲೇನು?”

ಫಕೀರೇಶ ಹಾಡು ನಿಲ್ಲಿಸಿದ. ಅವನು ನುಡಿಸುವ ಸರದಿ ಬಂದಾಗಲೆಲ್ಲ ಸುಗಂಧಾ ತಾನೇ ಹಾಡಿಕೊಂಡು ಹೋಗಿಬಿಡುತ್ತಿದ್ದಳು. ಗುರುಗಳು ಎಷ್ಟು ಬೈದರೂ ಅಷ್ಟೇ. ಇವನು ಬೆರಳು ಬಿಗಿಹಿಡಿದು ಕಾಯುತ್ತ ಕೂತಿರುತ್ತಿದ್ದ.

“ಇಲ್ರಿ,” ಅಂದ. “ಒಂದ ದಿನಾನೂ ಬಿಡಲಿಲ್ಲ. ಈಗ ಯಾವನೋ ಗಿಟಾರದವಗ ಬಿಟ್ಟಾಳ. ಹೊಟ್ಟಿ ಉರೀತೈತ್ರಿ.”

“ಹಂಗಂತ ಬರದಿಲ್ಲಲ್ಲ.”

ಹೊಟ್ಟೆಕಿಚ್ಚನ್ನು ವಿಮರ್ಶೆ ಅಂತ ಕರೆದೆನಲ್ಲ ಎಂದು ಫಕೀರೇಶನಿಗೆ ನಾಚಿಕೆಯಾಯಿತು. ಹಾಳೆ ಹರಿಯಲು ಹೋದ. ಗುರುಗಳು ಅವನ ಕೈ ಹಿಡಿದರು.

“ಹರೀಬ್ಯಾಡ, ತಿದ್ದು. ಅಕಿಗೆ ಹಾಡೂದು ನಾ ಕಲಿಸಿದೆ. ಸುಮ್ಮನಿರೂದು ಕಲಿಸಾಕ ನನ್ನ ಕೈಲೆ ಆಗಲಿಲ್ಲ. ಅದನ್ನ ಕಲಿಸಿದ ಹುಡುಗರ ಹೆಸರು ಮೊದಲು ಬರಿ.”