ಮೂಡ್ಲಗಿರಿಯ ಕಿವಿಗೂದಲು

ಹೂಂ ಅನ್ನುತ್ತಾ ಕೇಳಬೇಕು. ಯಾರಾದರೂ ಹೂಂ ಅನ್ನುವುದು ಬಿಟ್ಟರೋ, ನಾನು ಕತೆ ಅಲ್ಲಿಗೇ ಬಿಟ್ಟು ಎಲೆಯಡಿಕೆ ಹಾಕಿಕೊಳ್ಳೋಕೆ ಎದ್ದುಹೋಗುತ್ತೇನೆ.

ಶಿರಾ ಕಡೆ ಒಂದು ಹಳ್ಳಿ. ಅಲ್ಲಿ ಹೊನ್ನಾಜಮ್ಮ ಅಂತ ಒಬ್ಬ ತಾಯಿ. ಅವಳಿಗೆ ಒಬ್ಬನೇ ಮಗ, ಮೂಡ್ಲಗಿರಿ. ದುಡಿಯೋದರಲ್ಲಿ ಎತ್ತು, ಮನಸ್ಸು ಹಾಲು. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಮರೆವು ಅನ್ನೋದು ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಮರೆತಿದ್ದರೆ ಹೊನ್ನಾಜಮ್ಮ ಅರ್ಧ ಗೋಳು ತಪ್ಪಿಸಿಕೊಳ್ಳುತ್ತಿದ್ದಳು.

ಇನ್ನರ್ಧ ಗೋಳು ಅವನ ಕಿವಿ. ಎರಡು ಕಿವಿಯ ಅಂಚಿಗೂ ಕಪ್ಪಗೆ, ದಟ್ಟವಾಗಿ ಕೂದಲು. ತೀರಿಕೊಂಡ ಅವರಪ್ಪ ರಂಗಶಾಮಯ್ಯನಿಗೂ ಹಾಗೇ ಇತ್ತು. ಆಗಿನ ಕಾಲದಲ್ಲಿ ಅದನ್ನು ಯಾರೂ ಕುಂದು ಅನ್ನಲಿಲ್ಲ, ಅದೃಷ್ಟವಂತ ಅಂದರು. ಈಗಿನ ಕಾಲ ಹಾಗಲ್ಲವಲ್ಲ! ಐದು ಕಡೆ ಹೆಣ್ಣು ನೋಡಿದ್ದಾಯಿತು, ಐದು ಕಡೆಯೂ "ಹೇಳಿ ಕಳಿಸ್ತೀವಿ" ಅಂದವರು ಹೇಳಿ ಕಳಿಸಲಿಲ್ಲ.

"ತಪ್ಪೆಲ್ಲ ನಂದೇ," ಅನ್ನೋಳು ಹೊನ್ನಾಜಮ್ಮ. "ಎಳೆಗೂಸಾಗಿದ್ದಾಗ ಕಡ್ಲೆಹಿಟ್ಟಿನ ಉಂಡೆ ಉರುಳಿಸಿ ಉರುಳಿಸಿ ಬೆನ್ನು ನುಣ್ಣಗೆ ಮಾಡಿದೆ. ಕಿವಿಗೆ ಉರುಳಿಸೋಕೆ ಹೋದ್ರೆ ಕಿರುಚಿ ಸೂರು ಹಾರಿಸೋನು. ಪಾಪ ಅಂತ ಬಿಟ್ಟೆ." ಹೀಗಂದು ಅಂಗೈ ನೋಡಿಕೊಳ್ಳುತ್ತಿದ್ದಳು. ಸಾಂಬ್ರಾಣಿ ಹೊಗೆ, ಎಣ್ಣೆ ಹಚ್ಚಿದ ಪುಟ್ಟ ಬೆನ್ನು, ಅಂಗೈಯಡಿಯಲ್ಲಿ ಉರುಳುವ ಹಿಟ್ಟಿನುಂಡೆ ಎಲ್ಲ ಅವಳಿಗೆ ನಿನ್ನೆಯ ಹಾಗೆ ನೆನಪಿತ್ತು.

ಆರನೆಯ ಹೆಣ್ಣು ಕೌಸಲ್ಯ. ಪಕ್ಕದೂರಿನ ಪಾತಲಿಂಗಪ್ಪನ ಮಗಳು, ಸ್ವಂತ ಟೈಲರ್ ಅಂಗಡಿ ಇಟ್ಟವಳು. ಅವಳು ಹಿಂದೆ ಒಂದು ಮುಂದೆ ಒಂದು ಆಡಲಿಲ್ಲ.

"ಅಮ್ಮಾ, ನಿಮ್ಮ ಮಗನಿಗೆ ಮೋಸ ಗೊತ್ತಿಲ್ಲ. ಅದು ನಂಗೆ ಹಿಡಿಸ್ತು. ಆದ್ರೆ ಆ ಕಿವಿ ನೋಡಿದ್ರೆ ನಮ್ಮಜ್ಜನ ಪಕ್ಕ ಕೂತಂಗಾಗುತ್ತೆ. ಪೇಟೇಲಿ ಲೇಸರ್ ಅಂತ ಮಾಡ್ತಾರೆ, ಮಾಡಿಸ್ಕೊಳ್ಳಲಿ. ಶ್ರಾವಣದ ತನಕ ಕಾಯ್ತೀನಿ. ಆಮೇಲೆ ನನ್ನ ಕೇಳಬೇಡಿ."

ಈ ಹುಡುಗಿ ಕೈತಪ್ಪಿದರೆ ತನ್ನ ಮಗನಿಗೆ ಇನ್ನು ಮದುವೆಯಿಲ್ಲ ಅಂತ ಹೊನ್ನಾಜಮ್ಮನಿಗೆ ಗೊತ್ತಾಗಿಹೋಯಿತು. ಮಾರನೆ ದಿನವೇ ಪೇಟೆಯ ಚರ್ಮದ ಡಾಕ್ಟ್ರಮ್ಮನ ಹತ್ತಿರಕ್ಕೆ ಅಂತ ಮಗನನ್ನು ಬಸ್ಸು ಹತ್ತಿಸಿದಳು. "ಡಾಕ್ಟ್ರಮ್ಮ ಹೇಳಿದ್ದನ್ನ ಸರಿಯಾಗಿ ಕೇಳ್ಕೊಂಡು ಬಾ!"

"ಸರಿಯಾಗಿ ಕೇಳ್ಕೊಂಡು ಬತ್ತೀನಮ್ಮ."

ಡಾಕ್ಟ್ರಮ್ಮ ಕಿವಿಗೆ ದೀಪ ಹಿಡಿದು ನೋಡಿದರು. "ಕಪ್ಪು ಕೂದಲು. ಒಳ್ಳೇದು. ನರೆತಿದ್ರೆ ಲೇಸರಿಗೆ ಸಿಗ್ತಿರಲಿಲ್ಲ." ಕಿವಿಯ ಹಿಂದೆ ಒಂದು ಚುಕ್ಕಿಯಷ್ಟು ಜಾಗದಲ್ಲಿ ಬೆಳಕು ಹಾಯಿಸಿ, ಚರ್ಮಕ್ಕೆ ಒಗ್ಗುತ್ತದೆಯೇ ಅಂತ ಪರೀಕ್ಷೆ ಮಾಡಿದರು. "ಒಂದು ದಿನದ ಕೆಲಸ ಅಲ್ಲಪ್ಪ ಇದು. ತಿಂಗಳಿಗೊಂದು ಸಲ, ಆರು ಸಲ ಬರಬೇಕು. ಬೆಳಕು ಕೂದಲಿನ ದಾರಿ ಹಿಡಿದು ಇಳಿದು ಬೇರನ್ನ ಸುಡುತ್ತೆ. ಅದಕ್ಕೇ ಕೀಳಬೇಡಿ! ಮೇಲೆ ಮೇಲೆ ಕತ್ತರಿಸಿ. ಬೇರು ಒಳಗೇ ಇರಲಿ!"

"ಕೀಳಲ್ಲ. ಮೇಲೆ ಮೇಲೆ ಕತ್ತರಿಸ್ತೀನಿ. ಬೇರು ಒಳಗೇ ಇರಲಿ." ಬಸ್ಸಿನ ತುಂಬ ಅದನ್ನೇ ಜಪಿಸಿಕೊಂಡು ಬಂದ.

ಅದು ಕಡ್ಲೆಕಾಯಿ ಕೀಳುವ ಕಾಲ. "ಬಂದ್ಯಾ ಮಗ? ಹೊಲದಲ್ಲಿ ಕಡ್ಲೆಕಾಯಿ ಬಲಿತವೆ, ಹೋಗು," ಅಂದಳು ತಾಯಿ. ಹೋದ. ಸಂಜೆಗೆ ಒಂದು ಗಾಡಿ ಬರೀ ಸೊಪ್ಪು ತಂದ.

"ಕಾಯೆಲ್ಲೋ?"

"ಭದ್ರವಾಗಿವೆ ಕಣಮ್ಮ! ಮೇಲೆ ಮೇಲೆ ಕತ್ತರಿಸಿದೀನಿ. ಬೇರು ಒಳಗೇ ಇದೆ!"

"ಅಯ್ಯೋ ನನ್ನ ಹಣೆಬರಹವೇ! ಹೊಲವನ್ನೆಲ್ಲ ಈಗ ಗುದ್ದಲೀಲಿ ಅಗೀಬೇಕಲ್ಲೋ! ಬುಡಸಮೇತ ಕೀಳ್ಬೇಕು! ಚೆನ್ನಾಗಿ ಒದರ್ಬೇಕು! ಬುಟ್ಟಿಗೆ ತುಂಬ್ಕೊಂಡು ಬರ್ಬೇಕು! ತಿಳೀತಾ?"

"ತಿಳೀತಮ್ಮ. ಇನ್ಮೇಲೆ ಹಾಗೇ ಮಾಡ್ತೀನಿ."

ಮಾಡಿದ. ಡಾಕ್ಟ್ರಮ್ಮನ ಹತ್ತಿರ ಮತ್ತೆ ಹೋಗುವ ದಿನ ಬೆಳಿಗ್ಗೆ ಕನ್ನಡಿ ಮುಂದೆ ಕೂತು, ಮುಳ್ಳು ಕೀಳೋ ಚಿಮಟ ಹಿಡಿದು, ಒಂದೊಂದೇ ಕೂದಲನ್ನು ಬುಡಸಮೇತ ಕಿತ್ತ. ಒದರಿದ. ಬುಟ್ಟಿಗೆ ಹಾಕಿದ. ಕಣ್ಣಲ್ಲಿ ಬಳಬಳ ನೀರು ಸುರಿದರೂ ಬಿಡಲಿಲ್ಲ. ಬುಟ್ಟಿ ಕೊಂಡೊಯ್ದು ಡಾಕ್ಟ್ರಮ್ಮನ ಮೇಜಿನ ಮೇಲಿಟ್ಟ.

"ಏನಪ್ಪಾ ಇದು?"

"ಈ ಸಲದ ಫಸಲು, ಮೇಡಂ!"

ಡಾಕ್ಟ್ರಮ್ಮ ಬುಟ್ಟಿ ನೋಡಿದರು, ಕಿವಿ ನೋಡಿದರು, ತಲೆ ಹಿಡಿದುಕೊಂಡರು. "ಬೇರೇ ಇಲ್ಲದ ಮೇಲೆ ಬೆಳಕು ಹೋಗಿ ಏನನ್ನ ಹಿಡಿಯುತ್ತೆ ರೀ? ನಾಲ್ಕು ವಾರ ಬಿಟ್ಟು ಬನ್ನಿ, ಬೆಳೀಲಿ. ಅಲ್ಲೀತನಕ ಬಿಸಿಲು ತಾಗಬಾರದು! ತಾಗಿದ್ರೆ ಕಪ್ಪಾಗುತ್ತೆ! ಈ ಕ್ರೀಮ್ ದಪ್ಪಗೆ ಬಳೀರಿ, ಮೇಲೆ ಕೊಡೆ ಹಿಡೀರಿ!"

"ಕ್ರೀಮ್ ಬಳೀತೀನಿ. ಕೊಡೆ ಹಿಡೀತೀನಿ."

ಹೊನ್ನಾಜಮ್ಮ ಮಹಡಿ ಮೇಲೆ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ಹರಡಿದ್ದಳು. "ಮಗಾ, ಇದನ್ನೊಂದಿಷ್ಟು ನೋಡ್ಕೋ, ಬಿಸಿಲು ಚೆನ್ನಾಗಿದೆ," ಅಂತ ಹೇಳಿ ಗಿರಣಿಗೆ ಹೋದಳು. ಬರುವಷ್ಟರಲ್ಲಿ ಮಗ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಒಂದು ಕೈಯಲ್ಲಿ ಕೊಡೆ. ಇನ್ನೊಂದು ಕೈಯಲ್ಲಿ ಒಂದೊಂದೇ ಮೆಣಸಿನಕಾಯಿಗೆ ಬೆಳ್ಳಗೆ ಕ್ರೀಮ್ ಬಳಿಯುತ್ತಿದ್ದಾನೆ!

"ಏನೋ ಮಾಡ್ತಿದೀಯಾ!"

"ಬಿಸಿಲು ತಾಗಿದ್ರೆ ಕಪ್ಪಾಗ್ತವೆ ಕಣಮ್ಮ! ಎಷ್ಟು ಚೆಂದ ಕೆಂಪಗವೆ!"

"ಅಯ್ಯೋ ದೇವರೇ! ಇದರ ಸಾರು ಯಾರೋ ಉಣ್ತಾರೆ? ಒಣಗ್ಬೇಕಾದ್ರೆ ಬಿಸಿಲು ಕುಡೀಬೇಕು ಕಣೋ! ಗಳಿಗೆಗೊಂದು ಸಲ ಮಗುಚಬೇಕು! ಅಲ್ಲಾಡಿಸಿದ್ರೆ ಗಲಗಲ ಅನ್ಬೇಕು! ಅಲ್ಲೀತನಕ ಬಿಸಿಲಿಂದ ಎತ್ತಬಾರದು!"

"ಗಲಗಲ ಅನ್ನೋ ತನಕ ಎತ್ತಲ್ಲ."

ನಾಲ್ಕು ವಾರ ತುಂಬುವುದಕ್ಕೆ ಮೂರು ದಿನ ಇತ್ತು. ಡಾಕ್ಟ್ರಮ್ಮನ ಹತ್ತಿರ ಹೋಗೋಕೆ ತಯಾರಾಗಬೇಕಲ್ಲ? ಮೂಡ್ಲಗಿರಿ ಮಹಡಿ ಮೇಲೆ ಗೋಣಿಚೀಲ ಹಾಸಿ ಮಲಗಿದ. ಗಳಿಗೆಗೊಂದು ಸಲ ಮಗುಚಿಕೊಂಡ. ಈ ಕಿವಿ ಮೇಲೆ ಸ್ವಲ್ಪ ಹೊತ್ತು, ಆ ಕಿವಿ ಮೇಲೆ ಸ್ವಲ್ಪ ಹೊತ್ತು. ಆಗಾಗ ತಲೆ ಅಲ್ಲಾಡಿಸಿ ಗಲಗಲ ಅನ್ನುತ್ತದೆಯೇ ಅಂತ ಕೇಳಿಸಿಕೊಂಡ. ಅನ್ನಲಿಲ್ಲ. ಮತ್ತೆ ಮಲಗಿದ. ಹೊಲದಲ್ಲಿ ಕಡ್ಲೆಕಾಯಿ ಅಗೆಯುತ್ತಿದ್ದ ಹೊನ್ನಾಜಮ್ಮನಿಗೆ ಇದು ಹೇಗೆ ಗೊತ್ತಾಗಬೇಕು?

ಡಾಕ್ಟ್ರಮ್ಮನ ಮುಂದೆ ಹೋದಾಗ ಕಿವಿ ಸುಟ್ಟ ಬದನೆಕಾಯಿ ಆಗಿತ್ತು.

"ಅಯ್ಯಯ್ಯೋ! ಇದರ ಮೇಲೆ ಲೇಸರ್ ಹಿಡಿದ್ರೆ ಬೊಬ್ಬೆ ಬರುತ್ತೆ ಕಣ್ರೀ! ಮೊದಲು ಬಣ್ಣ ತಿಳಿಯಾಗಲಿ. ಇನ್ನೊಂದು ತಿಂಗಳು ಹೋಯ್ತು!" ಅಂತ ಅವರು ಗೋಡೆಗೆ ನೇತುಹಾಕಿದ್ದ ತಮ್ಮ ಮಫ್ಲರನ್ನೇ ತೆಗೆದು ಅವನ ಕಿವಿಗೆ ಸುತ್ತಿದರು. "ಕಟ್ಟಿಕೊಳ್ಳಿ! ನಾನು ಹೇಳೋ ತನಕ ಬಿಚ್ಚಬೇಡಿ!"

"ನೀವು ಹೇಳೋ ತನಕ ಬಿಚ್ಚಲ್ಲ, ಮೇಡಂ."

ಬಿಚ್ಚಲಿಲ್ಲ. ಊಟಕ್ಕೂ ಅದೇ, ಸ್ನಾನಕ್ಕೂ ಅದೇ. ಹೊನ್ನಾಜಮ್ಮ ಎಣ್ಣೆನೀರು ಹಾಕಲು ಕರೆದರೆ ಮಫ್ಲರಿನ ಮೇಲೆಯೇ ಸೀಗೇಪುಡಿ ತಿಕ್ಕಬೇಕಾಯಿತು.

ಕೊನೆಗೂ ಸಂಕ್ರಾಂತಿ ಕಳೆದ ಮೇಲೆ ಮೊದಲನೆ ಲೇಸರು. ಈ ಸಲ ಹೊನ್ನಾಜಮ್ಮ ತಾನೇ ಜೊತೆಗೆ ಹೋದಳು. ಡಾಕ್ಟ್ರಮ್ಮ ತಮ್ಮ ಕೈಯಾರೆ ಮಫ್ಲರ್ ಬಿಚ್ಚಿ, ಕೂದಲನ್ನು ಮೇಲೆ ಮೇಲೆ ಬೋಳಿಸಿ, ಅವನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಕಿವಿಗೆ ತಣ್ಣನೆ ಜೆಲ್ ಹಚ್ಚಿದರು. "ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಅನ್ನುತ್ತೆ. ಅಷ್ಟೇ." ಚುರುಕ್, ಚುರುಕ್, ಚುರುಕ್. ಕೂದಲು ಸೀದ ವಾಸನೆ ಸ್ವಲ್ಪ ಬಂತು. ಎಲೆಯಡಿಕೆ ಹಾಕಿ ಉಗಿಯುವಷ್ಟರಲ್ಲಿ ಎರಡು ಕಿವಿಯೂ ಮುಗಿಯಿತು.

"ಒಂದೆರಡು ದಿನ ಕೆಂಪಗಿರುತ್ತೆ. ಅರಿಶಿನ, ಎಣ್ಣೆ ಏನೂ ಬೇಡ. ಹದಿನೈದು ದಿನದಲ್ಲಿ ತಾನಾಗೇ ಉದುರುತ್ತೆ. ಮತ್ತೆ ಹುಟ್ಟುತ್ತೆ, ಮತ್ತೆ ಬರಬೇಕು. ಸಲದಿಂದ ಸಲಕ್ಕೆ ತೆಳ್ಳಗಾಗುತ್ತೆ," ಅಂತ ಡಾಕ್ಟ್ರಮ್ಮ ಮಫ್ಲರ್ ಕಟ್ಟಿ ಕಳಿಸಿದರು.

ಹದಿನೈದು ದಿನ ಆಯಿತು. ಮಧ್ಯಾಹ್ನ ಉಂಡು ಮಗ ಜಗಲಿಯ ಮೇಲೆ ನಿದ್ದೆಹೋಗಿದ್ದ. ಹೊನ್ನಾಜಮ್ಮ ಮೆಲ್ಲಗೆ ಮಫ್ಲರಿನ ಅಂಚು ಎತ್ತಿ ನೋಡಿದಳು. ನುಣ್ಣಗಿತ್ತು. ಹಿಟ್ಟಿನುಂಡೆ ಉರುಳಿಸಿದ ಎಳೆಬೆನ್ನಿನ ಹಾಗಿತ್ತು. ಸಂತೋಷ ಆಗಬೇಕಿತ್ತು ತಾನೇ? ಆಗಲಿಲ್ಲ. ಅಳು ಬಂತು.

ಇದೇ ಜಗಲಿಯ ಮೇಲೆ ಸಂಜೆ ಹೊತ್ತು ರಂಗಶಾಮಯ್ಯ ಕೂತಿರುತ್ತಿದ್ದ. ಇಳಿಬಿಸಿಲು ಹಿಂದಿನಿಂದ ಬಿದ್ದು ಅವನ ಕಿವಿಯ ಕೂದಲು ಹೊಳೆಯುತ್ತಿತ್ತು. ಅತ್ತೆ ಮಾವ ಇದ್ದ ಮನೆ, ಗಂಡನನ್ನು ಕೂಗಿ ಕರೆಯುವ ಹಾಗಿರಲಿಲ್ಲ. ಹೊನ್ನಾಜಮ್ಮ ಹಿಂದಿನಿಂದ ಬಂದು ಆ ಕೂದಲನ್ನು ಒಂದು ಸಲ ಎಳೆದು ಒಳಗೆ ಓಡುತ್ತಿದ್ದಳು. ಊಟಕ್ಕೆ ಬನ್ನಿ ಅಂತ ಅರ್ಥ. ಅವನು ನಕ್ಕು ಎದ್ದು ಬರುತ್ತಿದ್ದ. ಎಂಥ ದಿನಗಳು ಅವು! ಅವನು ಹೋಗಿ ಒಂಬತ್ತು ವರ್ಷವಾಗಿತ್ತು.

ಮೂಡ್ಲಗಿರಿಗೆ ಎಚ್ಚರವಾಯಿತು. "ಯಾಕಮ್ಮ ಅಳ್ತೀಯಾ?"

"ನಿಮ್ಮಪ್ಪಂದು ಅಂತ ನಂಗೆ ಉಳಿದಿದ್ದು ಈ ಎರಡು ಕಿವಿ ಕಣೋ. ಒಂದನ್ನಾದ್ರೂ ಹಾಗೇ ಉಳಿಸ್ಕೋಬೇಕಿತ್ತು." ಅಂದವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ರಾತ್ರಿಯ ಮುದ್ದೆಗೆ ಹಿಟ್ಟು ಜರಡಿ ಹಿಡಿಯಲು ಒಳಗೆ ಹೋದಳು. ಆಡಿದ್ದನ್ನು ಅಲ್ಲಿಗೇ ಮರೆತಳು.

ಮಗ ಮರೆಯುವವನೇ?

ಆಮೇಲೆ ಐದು ತಿಂಗಳು ಅವನೊಬ್ಬನೇ ಹೋದ, ಒಬ್ಬನೇ ಬಂದ. "ಸರಿಯಾಗಿ ಮಾಡಿಸ್ಕೊಳ್ತಿದೀಯೇನೋ?" ಅಂತ ತಾಯಿ ಕೇಳಿದರೆ, "ನೀನು ಹೇಳಿದಂಗೇ ಮಾಡಿಸ್ತಿದೀನಿ ಕಣಮ್ಮ," ಅನ್ನುತ್ತಿದ್ದ. ಮಗನಿಗೆ ಅಂತೂ ಬುದ್ಧಿ ಬಂತು ಅಂತ ಹೊನ್ನಾಜಮ್ಮ ಮನೆದೇವರಿಗೆ ತುಪ್ಪದ ದೀಪ ಹಚ್ಚಿದಳು.

ಶ್ರಾವಣ ಬಂತು. ಪಾತಲಿಂಗಪ್ಪನ ಮನೆಯಲ್ಲಿ ನಿಶ್ಚಿತಾರ್ಥ. ಮಣೆ ಹಾಕಿ ರಂಗೋಲಿ ಬಿಟ್ಟಿದ್ದಾರೆ, ತಟ್ಟೆಗಳ ತುಂಬ ಹಣ್ಣು ಹೂವು ಜೋಡಿಸಿದ್ದಾರೆ. ನಡುಮನೆ ತುಂಬ ನೆಂಟರು. ಗಂಡು ಮಾತ್ರ ರೇಷ್ಮೆ ಪಂಚೆಯ ಮೇಲೆ ಮಫ್ಲರ್ ಕಟ್ಟಿಕೊಂಡು ಕೂತಿದ್ದಾನೆ.

"ಬಿಚ್ಚಪ್ಪ, ಪೇಟ ಕಟ್ಟಬೇಕು," ಅಂದ ಪಾತಲಿಂಗಪ್ಪ.

"ಡಾಕ್ಟ್ರಮ್ಮ ಹೇಳಿಲ್ಲ ಮಾವ."

ಡಾಕ್ಟ್ರಮ್ಮನಿಗೆ ಫೋನ್ ಮಾಡಿದರು. "ಇನ್ನೂ ಕಟ್ಟಿಕೊಂಡೇ ಇದಾರಾ? ಬಿಚ್ಚಿ ಅನ್ನಿ ಪುಣ್ಯಾತ್ಮಂಗೆ!" ಅಂದರು ಅವರು. ಆಮೇಲೆ ಬಿಚ್ಚಿದ.

ಮೊದಲು ಬಲಗಿವಿ. ಹುಣಿಸೆ ಬೀಜದಂಥ ನುಣುಪು! ಹೆಂಗಸರೆಲ್ಲ "ಅಬ್ಬಬ್ಬ" ಅಂದರು. ಕೌಸಲ್ಯ ಕಣ್ಣಂಚಿನಲ್ಲಿ ನೋಡಿ ನಕ್ಕಳು. ಆಮೇಲೆ ಎಡಗಿವಿ. ಅಲ್ಲಿ ಕೂದಲು ಮೊದಲಿನ ಹಾಗೇ ಸೊಂಪಾಗಿ, ಎಣ್ಣೆ ಹಚ್ಚಿ ಬಾಚಿದ ಹಾಗೆ ಕೂತಿತ್ತು.

ಕೌಸಲ್ಯಳ ನಗು ಹೋಯಿತು. ಹೊನ್ನಾಜಮ್ಮ ಧಡಕ್ಕನೆ ಎದ್ದು ನಿಂತಳು.

"ಏನೋ ಇದು!"

"ನೀನೇ ಹೇಳಿದ್ದಲ್ಲಮ್ಮ, ಅಪ್ಪಂದು ಅಂತ ಒಂದನ್ನಾದ್ರೂ ಉಳಿಸ್ಕೋಬೇಕಿತ್ತು ಅಂತ! ಜಗಲಿ ಮೇಲೆ ಅಳ್ತಾ ಹೇಳ್ಲಿಲ್ವಾ? ಡಾಕ್ಟ್ರಮ್ಮ ಎಷ್ಟು ಹೇಳಿದ್ರೂ ಎಡಗಿವಿ ಮುಟ್ಟೋಕೆ ಬಿಡ್ಲಿಲ್ಲ ನಾನು. ಬಲಗಿವಿ ಕೌಸಲ್ಯಂದು. ಎಡಗಿವಿ ನಿಂದು ಕಣಮ್ಮ."

ಹೊನ್ನಾಜಮ್ಮನಿಗೆ, ಹುಟ್ಟಿದಾಗಿನಿಂದ ಬೈದ ಮಗನನ್ನು ಅವತ್ತು ಬೈಯಲಾಗಲಿಲ್ಲ. "ತಪ್ಪು ನಂದು ಕಣಮ್ಮ," ಅಂದಳು ಕೌಸಲ್ಯಳ ಕಡೆ ತಿರುಗಿ. "ಅವರಪ್ಪನ ನೆನಪಾಗಿ ಏನೋ ಅಂದ್ಬಿಟ್ಟಿದ್ದೆ. ಅವನದೇನೂ ತಪ್ಪಿಲ್ಲ. ಬೇಡ ಅನ್ನೋದಾದ್ರೆ ಈಗ್ಲೇ ಅಂದ್ಬಿಡು, ನಾವು ಹೊರಡ್ತೀವಿ."

ಕೌಸಲ್ಯ ಬಾಯಿ ತೆರೆಯುವಷ್ಟರಲ್ಲಿ ಪಾತಲಿಂಗಪ್ಪ ಎಗರಿಬಿದ್ದ. "ಹೆಂಡತಿ ಆದೋಳು ಕೂರೋದೇ ಗಂಡನ ಎಡಗಡೆ ಕಣಯ್ಯ! ಇವತ್ತೂ ಮಣೆ ಅಲ್ಲೇ ಹಾಕಿದೀವಿ, ನೋಡು! ಜೀವಮಾನವೆಲ್ಲ ನನ್ನ ಮಗಳು ಆ ಪೊದೆ ನೋಡ್ಕೊಂಡು ಕೂರ್ಬೇಕಾ? ನುಣ್ಣಗಿರೋ ಕಿವಿ ಅವಳ ಮಣೆ ಕಡೆಗಿರಬೇಕು! ಹಂಗಿದ್ರೆ ಶಾಸ್ತ್ರ, ಇಲ್ಲಾಂದ್ರೆ ಇಲ್ಲ!"

"ಅಷ್ಟೇ ತಾನೇ ಮಾವ?" ಅಂದ ಮೂಡ್ಲಗಿರಿ.

ಎದ್ದ. ಮಣೆಯ ಮೇಲೆ ಹಿಂದುಮುಂದಾಗಿ ತಿರುಗಿದ. ಗೋಡೆಗೆ ಮುಖ ಮಾಡಿ, ಪುರೋಹಿತರಿಗೂ ನೆಂಟರಿಗೂ ಬೆನ್ನು ಹಾಕಿ ನೆಟ್ಟಗೆ ಕೂತ. ನುಣ್ಣನೆ ಬಲಗಿವಿ ಸರಿಯಾಗಿ ಕೌಸಲ್ಯಳ ಮಣೆಯ ಕಡೆಗೆ ಬಂತು.

ಆರತಿ ತಟ್ಟೆ ಹಿಡಿದ ಮುತ್ತೈದೆಯರಿಗೆ ಎಲ್ಲಿ ಎತ್ತಬೇಕೋ ತಿಳಿಯಲಿಲ್ಲ. ಪುರೋಹಿತರು ಮಂತ್ರ ನಿಲ್ಲಿಸಿದರು. ಆಗ ಕೌಸಲ್ಯಳಿಗೆ ನಗು ಬಂತು ನೋಡಿ! ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದ ನಗು. ನಗುತ್ತಲೇ ಒಂದು ಸಲ ಹೊನ್ನಾಜಮ್ಮನ ಒದ್ದೆ ಕಣ್ಣು ನೋಡಿದಳು. "ಅಪ್ಪಾ, ಬಿಡು," ಅಂದಳು. "ಆಡಿದ ಮಾತು ಹಿಂಗೆ ನಡೆಸೋ ಗಂಡು ನಂಗೆ ಇನ್ನೆಲ್ಲಿ ಸಿಗ್ತಾನೆ?" ಹೀಗಂದವಳು ಬಂದು ತನ್ನ ಮಣೆಯ ಮೇಲೆ ಅವನ ಹಾಗೇ ಗೋಡೆಗೆ ಮುಖ ಮಾಡಿ ಕೂತಳು.

ನೆಂಟರು ಇನ್ನೇನು ಮಾಡಿಯಾರು? ಎರಡು ಬೆನ್ನಿಗೆ ಅಕ್ಷತೆ ಹಾಕಿದರು. ಆ ಫೋಟೋ ಇವತ್ತಿಗೂ ಹೊನ್ನಾಜಮ್ಮನ ನಡುಮನೆಯಲ್ಲಿದೆ. ಮುಖ ಒಂದೂ ಕಾಣುವುದಿಲ್ಲ. ಎಡಗಡೆಗೆ ರಂಗಶಾಮಯ್ಯನ ಕಿವಿ, ಬಲಗಡೆಗೆ ಸೊಸೆ. ಹೊನ್ನಾಜಮ್ಮ ದಿನಾ ಬೆಳಿಗ್ಗೆ ಅದರ ಗಾಜು ಒರೆಸುತ್ತಾಳೆ.